ಗುಡುಗಿಗೆ ಪ್ಲಗ್ ತೆಗೆಯುವ ಮನೆಯ ಕಂಪ್ಯೂಟರು

ಹಳೆಯ ಕಂಪ್ಯೂಟರಿನ ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಎಳೆದಾಗ ಮೊದಲು ಮೂಗಿಗೆ ಬಂದದ್ದು ನುಸಿಗುಳಿಗೆಯ ವಾಸನೆ. ಗುಳಿಗೆಗಳು ಕರಗಿ ಎಷ್ಟೋ ವರ್ಷಗಳಾಗಿರಬೇಕು, ವಾಸನೆ ಮಾತ್ರ ಧೂಳಿನೊಳಗೆ ಉಳಿದುಕೊಂಡಿತ್ತು. ಅದರ ಹಿಂದೆ ತುಕ್ಕಿನ ವಾಸನೆ, ಸಮುದ್ರದ ಗಾಳಿ ಕಬ್ಬಿಣವನ್ನು ತಿಂದಾಗ ಬರುವಂಥದ್ದು. ಕಳೆದ ತಿಂಗಳು ಅಕ್ಕ ಕಾಪುವಿನ ತನ್ನ ಆಫೀಸನ್ನು ಹೆದ್ದಾರಿಯ ಆಚೆಗಿನ ಹೊಸ ಕಟ್ಟಡಕ್ಕೆ ಸಾಗಿಸುತ್ತಿದ್ದಳು. ಅಟ್ಟದಿಂದ ಇಳಿದ ಈ ಪೆಟ್ಟಿಗೆಯನ್ನು ಗುಜರಿಗೆ ಕೊಡುವ ಮೊದಲು ನೀನೊಮ್ಮೆ ನೋಡು ಎಂದು ನನ್ನ ಮುಂದಿಟ್ಟಳು.

"ಇದರೊಳಗೆ ನುಸಿಗುಳಿಗೆ ಹಾಕಿದ್ದು ಯಾರು?" ಎಂದು ಕೇಳಿದೆ.

"ಮತ್ಯಾರು, ಅಮ್ಮ. ಕಂಪ್ಯೂಟರಿಗೆ ವೈರಸ್ ಬರ್ತದೆ ಅಂತ ನೀನು ಹೇಳಿದ್ದಲ್ವಾ? ಅವರು ಜಿರಳೆ ಜಾತಿಯದ್ದು ಅಂದುಕೊಂಡ್ರು."

ನಾನು ಹಾಗೆ ಹೇಳಿದ್ದೆನೇ? ನೆನಪಿಲ್ಲ. ನನಗೆ ನೆನಪಿದ್ದದ್ದು ಬೇರೆ. ನಾನೇ ಬಿಡಿಭಾಗಗಳನ್ನು ಆರಿಸಿ ಜೋಡಿಸಿದ ಆ ಕಂಪ್ಯೂಟರಿನಲ್ಲಿ ಆಟದ ಕಾರು ಓಡಿಸುತ್ತಿದ್ದೆ. ಒದ್ದೆ ರಸ್ತೆಯ ಮೇಲೆ ದೀಪಗಳ ಪ್ರತಿಬಿಂಬ ಹರಿಯುತ್ತಿತ್ತು, ಹಿಂದೆ ಅಡುಗೆಮನೆಯಿಂದ ಮೀನು ಹುರಿಯುವ ಸದ್ದು. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ. ಹಾಗಾಗಿ ಟಾರ್ಚು ಹಿಡಿದು ಮೊದಲು ಹುಡುಕಿದ್ದು ಅಂಥ ಆಟಕ್ಕೆ ಬೇಕೇ ಬೇಕಾದ ಗ್ರಾಫಿಕ್ಸ್ ಕಾರ್ಡನ್ನು. ಕಾರ್ಡು ಇರಲಿಲ್ಲ. ತೆಗೆದಿರಬಹುದು ಎನ್ನೋಣವೆಂದರೆ, ಕಾರ್ಡು ಕೂರಿಸುವಾಗ ಹಿಂಬದಿಯಲ್ಲಿ ಮುರಿದು ತೆಗೆಯಬೇಕಾದ ತಗಡಿನ ಪಟ್ಟಿ ಕಾರ್ಖಾನೆಯಿಂದ ಬಂದ ಹಾಗೆಯೇ ಅಂಟಿಕೊಂಡಿತ್ತು. ಅಂದರೆ ಆ ಜಾಗದಲ್ಲಿ ಎಂದೂ ಏನೂ ಕೂತಿರಲಿಲ್ಲ.

ಅನುಮಾನಿಸುವುದನ್ನೇ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಆ ಕಾರನ್ನು ನಾನು ಓಡಿಸಿದ್ದು ಬೇರೆಲ್ಲೋ, ಬಹುಶಃ ಮಣಿಪಾಲದ ಯಾವುದೋ ಹಾಸ್ಟೆಲಿನಲ್ಲಿ. ಮೀನಿನ ಸದ್ದನ್ನು ನಾನೇ ಆಮೇಲೆ ಸೇರಿಸಿಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಎಲ್ಲ ಮಾತೂ ತುಳುವಿನಲ್ಲಿ. ನನ್ನ ನೆನಪಿನಲ್ಲಿ ಎಲ್ಲರೂ ಕನ್ನಡ ಮಾತನಾಡುತ್ತಾರೆ. ಈ ಒಂದು ಕಾರಣಕ್ಕೇ ಕೆಳಗಿನದನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ತುಕ್ಕು ಹಿಡಿದ ಆ ಪೆಟ್ಟಿಗೆಯೊಳಗೆ ಇದ್ದ ವಸ್ತುಗಳನ್ನು ನಂಬಬಹುದು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಮಳೆಗಾಲ ಮುಗಿಯುತ್ತಿದ್ದ ಸಮಯ. ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದೆ. ಆ ಕೆಲಸದ ಮೊದಲು ಬೇರೆ ಎರಡು ಬಿಟ್ಟಿದ್ದೆ, ಅದನ್ನೂ ಬಿಡುವ ಯೋಚನೆಯಲ್ಲಿದ್ದೆ. ಅಕ್ಕ ಶಶಿಕಲಾ ಉಡುಪಿಯ ಒಬ್ಬ ಎಂಜಿನಿಯರರ ಆಫೀಸಿನಲ್ಲಿ ಡ್ರಾಫ್ಟಿಂಗ್ ಮಾಡುತ್ತಿದ್ದಳು. ಅವಳ ಕೈಯ ಗೆರೆ ನೇರವೆಂದು ಇಡೀ ಆಫೀಸಿಗೆ ಗೊತ್ತಿತ್ತು, ಆದ್ದರಿಂದಲೇ ಯಾರೂ ಅವಳಿಗೆ ಬೇರೆ ಕೆಲಸ ಕೊಡುತ್ತಿರಲಿಲ್ಲ. ಇನ್ನೊಬ್ಬರು ಯೋಚಿಸಿದ ಮನೆಯನ್ನು ಅವಳು ಟ್ರೇಸಿಂಗ್ ಹಾಳೆಯ ಮೇಲೆ ಎಳೆದು ಕೊಡಬೇಕು, ಅಷ್ಟೇ.

ಗಲ್ಫಿನಿಂದ ರಜೆಯಲ್ಲಿ ಬಂದು ಮನೆ ಕಟ್ಟಿಸುವವರು ಆಗ ಹೊಸದೊಂದನ್ನು ಕೇಳತೊಡಗಿದ್ದರು. ಪ್ಲಾನು ಅವರಿಗೆ ಅರ್ಥವಾಗುವುದಿಲ್ಲ, ಅರ್ಥವಾಗಬೇಕೆಂದೂ ಇಲ್ಲ. ಅವರಿಗೆ ಬೇಕಾದದ್ದು 'ವ್ಯೂ'. ಇನ್ನೂ ಕಟ್ಟದ ಮನೆ ಕಟ್ಟಿ ಮುಗಿದ ಹಾಗೆ, ಬಿಸಿಲು ಬಿದ್ದು, ಅಂಗಳದಲ್ಲಿ ಕಾರು ನಿಂತ ಚಿತ್ರ. ಅದನ್ನು ಎಂಜಿನಿಯರರು ಮಂಗಳೂರಿನಿಂದ ಮಾಡಿಸಿ ತರುತ್ತಿದ್ದರು. ಅಕ್ಕ ಆ ತಂತ್ರಾಂಶವನ್ನು ಆಫೀಸಿನ ಹಳೆಯ ಯಂತ್ರದಲ್ಲಿ, ಬೇರೆಯವರು ಊಟಕ್ಕೆ ಹೋದಾಗ ಕಲಿತಿದ್ದಳು. ಒಂದು ದಿನ ಧೈರ್ಯ ಮಾಡಿ ಕೇಳಿಯೂ ಬಿಟ್ಟಳು.

ಎಂಜಿನಿಯರರು ಹೇಳಿದ್ದನ್ನು ಅವಳು ಮನೆಗೆ ಬಂದು ಅವರದೇ ಗತ್ತಿನಲ್ಲಿ ಹೇಳಿ ತೋರಿಸಿದಳು: "ಬಜಗೋಳಿಯ ಸದಾನಂದರ ಮನೆಯದ್ದು ನೀನು ಮಾಡು ಶಶಿ. ಅವರು ದೀಪಾವಳಿ ಮುಗಿಸಿ ಮಸ್ಕತ್ತಿಗೆ ಹೋಗುವುದರೊಳಗೆ ವ್ಯೂ ಕೈಗೆ ಬಂದ್ರೆ ಇನ್ನು ಮುಂದಿನದ್ದೆಲ್ಲ ನಿನಗೇ. ಬಾರದಿದ್ರೆ ಮಂಗಳೂರಿನವರನ್ನೇ ಇಲ್ಲಿ ಕೂರಿಸುವುದು. ಮತ್ತೆ ನಿನಗೆ ಟ್ರೇಸಿಂಗು. ಬೇಜಾರು ಮಾಡಬಾರದು."

ಆಫೀಸಿನ ಯಂತ್ರ ಆ ಮನೆಯನ್ನು ತೆರೆಯುವಾಗಲೇ ಉಸಿರು ಕಟ್ಟಿ ನಿಲ್ಲುತ್ತಿತ್ತು. ಅಕ್ಕನಿಗೆ ರೆಂಡರ್ ಮಾಡಲು, ಅಂದರೆ ಬಿಸಿಲು ನೆರಳಿನ ಆ ಚಿತ್ರವನ್ನು ಯಂತ್ರದಿಂದ ಬರೆಸಲು, ಕಂಪ್ಯೂಟರು ಬೇಕು, ನನಗೆ ಆಟವಾಡಲು ಬೇಕು. ಇಬ್ಬರೂ ಸೇರಿ ಒಂದು ಕಟ್ಟುವುದೆಂದಾಯಿತು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದನ್ನು ತರೋಣವೆಂದಳು ಅಕ್ಕ. ನಾನು ಒಪ್ಪಲಿಲ್ಲ. ಮುಚ್ಚಿದ ಪೆಟ್ಟಿಗೆಯನ್ನು ನಾನು ಇವತ್ತಿಗೂ ನಂಬುವುದಿಲ್ಲ.

"ಮೊದಲು ಎಂತ ತೆಗೆಯುವುದು?" ಎಂದು ಅಕ್ಕ ಕೇಳಿದಾಗ ಅಮ್ಮ ತೆಂಗಿನಕಾಯಿ ತುರಿಯುತ್ತ ಕೂತಿದ್ದರು.

"ಮದರ್ ಬೋರ್ಡು," ಎಂದೆ. "ಅದರ ಮೇಲೆ ಉಳಿದದ್ದೆಲ್ಲ ಕೂರುವುದು. ಅದು ಯಾವುದನ್ನು ಒಪ್ತದೋ ಅದನ್ನೇ ತರಬೇಕು."

ಅಮ್ಮ ತುರಿಮಣೆಯಿಂದ ತಲೆಯೆತ್ತಲಿಲ್ಲ. "ಹಾಗಾದ್ರೆ ನಮ್ಮ ಅಳಿಯಕಟ್ಟು ಪದ್ಧತಿಯೇ. ಎಲ್ಲ ತಾಯಿಯ ಕಡೆಯಿಂದ ಬರುವುದು. ಅಪ್ಪನ ಬೋರ್ಡು ಉಂಟಾ?"

"ಇಲ್ಲಮ್ಮ."

"ಅದು ಬೇಡ ಬಿಡು. ಸೋದರಮಾವನ ಬೋರ್ಡಾದ್ರೂ ಒಂದು ಇರಬೇಕಿತ್ತು."

ಆದಿ ಉಡುಪಿಯಲ್ಲಿ, ಮಾರ್ಕೆಟ್ ಯಾರ್ಡಿಗೆ ಹೋಗುವ ದಾರಿಯಲ್ಲಿ, ನಾಗೇಶ ಪ್ರಭುಗಳ ಅಂಗಡಿ ಇತ್ತು. ಕೆಳಗೆ ತರಕಾರಿ ಲಾರಿಗಳು, ಮೇಲಿನ ಮಾಳಿಗೆಯಲ್ಲಿ ಕಂಪ್ಯೂಟರ್ ಭಾಗಗಳು. ಈರುಳ್ಳಿಯ ಘಾಟಿನ ನಡುವೆ ಬೆಳ್ಳಿಬಣ್ಣದ ಚೀಲಗಳಲ್ಲಿ ಬೋರ್ಡುಗಳನ್ನು ತೂಗುಹಾಕಿಕೊಂಡು ಅವರು ಕೂತಿರುತ್ತಿದ್ದರು. ಎಷ್ಟು ಸಲ ಆ ಮೆಟ್ಟಿಲು ಹತ್ತಿದೆವೋ ತಿಳಿಯದು. ನಾನು ಪ್ರತಿ ಸಲವೂ ಹಿಂದಿನ ಸಲದ ತೀರ್ಮಾನ ಬದಲಾಯಿಸುತ್ತಿದ್ದೆ. ಪ್ರೊಸೆಸರಿನ ವೇಗ ಪೆಟ್ಟಿಗೆಯ ಮೇಲೆ ಬರೆದಷ್ಟು ಇರುವುದೇ? ಹಾರ್ಡ್ ಡಿಸ್ಕ್ ಹೇಳಿದಷ್ಟು ಹಿಡಿಯುವುದೇ?

ಕ್ಯಾಬಿನೆಟ್ಟಿನ ಜೊತೆ ಬರುವ ವಿದ್ಯುತ್ ಪೆಟ್ಟಿಗೆಯ ವಿಷಯದಲ್ಲಂತೂ ನನ್ನ ಅನುಮಾನ ಮಿತಿ ಮೀರಿತ್ತು. ಅದಕ್ಕೆ ಎಸ್‌ಎಂಪಿಎಸ್ ಎನ್ನುತ್ತಾರೆ, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚುವುದು ಅದರ ಕೆಲಸ. ಎಲ್ಲದರ ಮೇಲೂ ಒಂದೇ ದೊಡ್ಡ ಸಂಖ್ಯೆ ಅಚ್ಚಾಗಿತ್ತು. ಒಳಗೆ ತಾಮ್ರದ ಸುರುಳಿ ಇದ್ದರೆ ಭಾರ, ಇಲ್ಲದಿದ್ದರೆ ಹಗುರ, ಇಷ್ಟೇ ನನ್ನ ಸಿದ್ಧಾಂತ. ಒಂದೊಂದನ್ನೇ ಎರಡು ಕೈಯಲ್ಲಿ ಹಿಡಿದು ತೂಗಿ ನೋಡತೊಡಗಿದೆ.

"ಎಂತ ಮಾರಾಯ್ರೇ, ಬಂಗುಡೆ ತೂಗುವುದಾ?" ಎಂದರು ಪ್ರಭುಗಳು. "ಕಿವಿರು ಬಿಡಿಸಿ ನೋಡಿ, ಕೆಂಪು ಉಂಟಾ ಅಂತ."

"ಇದು ಹಗುರ ಉಂಟು."

"ಅದು ಫ್ರೀ ಮೇಷ್ಟ್ರೇ! ಕ್ಯಾಬಿನೆಟ್ಟಿನ ಒಟ್ಟಿಗೆ ಫ್ರೀ ಬಂದದ್ದು. ಫ್ರೀ ಬಂದದ್ದು ಭಾರ ಇರ್ತದಾ?"

ಅಕ್ಕ ಅಂಗಡಿಯ ತುಂಬ ಕೇಳುವ ಹಾಗೆ ನಕ್ಕಳು. ಆದರೂ ನಾನು ಭಾರದ್ದನ್ನೇ ಬೇರೆಯಾಗಿ ಕೊಂಡೆ. ಮೊನ್ನೆ ಪೆಟ್ಟಿಗೆ ತೆರೆದಾಗ ಅದನ್ನು ಬಿಚ್ಚಿ ಮತ್ತೊಮ್ಮೆ ತೂಗಿ ನೋಡಿದೆ. ಭಾರವಿದೆ.

ನಿಜವಾದ ಜಗಳ ಬಂದದ್ದು ಕೊನೆಗೆ. ಎಲ್ಲ ಆರಿಸಿಯಾದ ಮೇಲೆ ಇನ್ನೊಂದೇ ಒಂದು ವಸ್ತು ತರುವಷ್ಟು ಹಣ ಉಳಿದಿತ್ತು. ಒಳ್ಳೆಯ ಗ್ರಾಫಿಕ್ಸ್ ಕಾರ್ಡು, ಅಥವಾ ರ‍್ಯಾಮಿನ ಎರಡನೆಯ ಪಟ್ಟಿ. ಕಾರ್ಡಿಲ್ಲದೆ ನನ್ನ ಕಾರು ಓಡುವುದಿಲ್ಲ. ವಿಚಿತ್ರವೆಂದರೆ ಎಲ್ಲರೂ ನನ್ನ ಪಕ್ಷದಲ್ಲಿದ್ದರು. ತ್ರೀಡಿ ಕೆಲಸಕ್ಕೆ ಕಾರ್ಡೇ ಮುಖ್ಯ ಎಂದು ಎಂಜಿನಿಯರರು ಹೇಳಿದ್ದರು. ಪ್ರಭುಗಳೂ ಹಾಗೇ ಹೇಳಿದರು. ಅಕ್ಕ ನಂಬಿದ್ದಳು. ನಾನು ಸುಮ್ಮನಿದ್ದರೆ ಸಾಕಿತ್ತು.

ಆದರೆ ಎಲ್ಲರೂ ಒಪ್ಪಿದ ಮಾತು ಕೇಳಿದರೆ ನನಗೆ ಕೆರೆತ ಶುರುವಾಗುತ್ತದೆ. ಕಾಲೇಜಿನಲ್ಲಿ ಒಂದೇ ಬಗೆಯ ಎರಡು ಯಂತ್ರಗಳಿದ್ದವು, ಒಂದರಲ್ಲಿ ಮಾತ್ರ ಕಾರ್ಡಿತ್ತು. ಅಕ್ಕ ಮಾಡುತ್ತಿದ್ದ ಸದಾನಂದರ ಮನೆಯ ಒಂದು ಸಣ್ಣ ಮೂಲೆಯನ್ನು ಎರಡರಲ್ಲೂ ಒಟ್ಟಿಗೆ ರೆಂಡರಿಗೆ ಹಾಕಿ ಮುಂದೆ ಕೂತೆ. ಬಿಸಿಲು, ನೆರಳು, ಗಾಜಿನ ಹೊಳಪನ್ನು ಒಂದೊಂದೇ ಬಿಂದುವಾಗಿ ಲೆಕ್ಕ ಹಾಕುತ್ತ ಎರಡೂ ಯಂತ್ರಗಳು ಹೆಗಲಿಗೆ ಹೆಗಲು ಕೊಟ್ಟು ಇಳಿದವು, ಹೆಚ್ಚುಕಡಿಮೆ ಒಟ್ಟಿಗೆ ಮುಗಿಸಿದವು. ಆ ಕೆಲಸ ಮಾಡುತ್ತಿದ್ದದ್ದು ಪ್ರೊಸೆಸರು. ಕಾರ್ಡು ಪಕ್ಕದಲ್ಲಿ ಮದುಮಗನ ಹಾಗೆ ಕೂತಿತ್ತು. ಆಮೇಲೆ ಇಡೀ ಮನೆಯನ್ನು ತೆರೆದಾಗ ನೆನಪಿನ ಜಾಗ ಸಾಲದೆ ಎರಡೂ ಒಂದೇ ಕಡೆ ನಿಂತವು. ಬೇಕಾದದ್ದು ರ‍್ಯಾಮು.

ಆ ಸಂಜೆ ಮನೆಗೆ ಬಂದು ಹೇಳಿದೆ. ಹೇಗೆ ಹೇಳಿದೆನೆಂಬುದರಲ್ಲಿ ನಮ್ಮಿಬ್ಬರ ನೆನಪು ಬೇರೆ. ನಾನು ಗಂಭೀರವಾಗಿ ವಿವರಿಸಿದೆನೆಂದು ನನ್ನ ನೆನಪು. ಸಾವಿನ ಸುದ್ದಿ ತಂದವನ ಹಾಗೆ ಬಾಗಿಲಲ್ಲಿ ನಿಂತಿದ್ದೆ ಎಂದು ಅಕ್ಕನದು. ಅವಳು, "ಮತ್ತೆ ನಿನ್ನ ಆಟ?" ಎಂದಳಂತೆ. "ಆಮೇಲೆ ನೋಡುವ," ಎಂದೆನಂತೆ ನಾನು. ಆ ಆಮೇಲೆ ಬರಲೇ ಇಲ್ಲವೆಂದು ಮುರಿಯದ ತಗಡಿನ ಪಟ್ಟಿ ಹೇಳುತ್ತದೆ. ನನ್ನ ಮಟ್ಟಿಗೆ ಅದು ಹೆಮ್ಮೆಯ ವಿಷಯ. ನನ್ನ ಬದುಕಿನಲ್ಲಿ ನಾನು ಮಾಡಿದ ಅತ್ಯಂತ ಪ್ರಾಮಾಣಿಕ ಪ್ರಯೋಗ ಅದು, ಫಲಿತಾಂಶ ನನಗೇ ವಿರುದ್ಧವಾಗಿತ್ತು.

ಜೋಡಿಸಿದ್ದು ಒಂದು ಭಾನುವಾರ, ಊಟದ ಮೇಜಿನ ಮೇಲೆ. ಪ್ರೊಸೆಸರನ್ನು ಅದರ ಗುಳಿಯ ಮೇಲೆ ಹಿಡಿದು, ಸರಿಯಾದ ಮೂಲೆ ಇದೇ ಹೌದೇ ಎಂದು ನಾನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದೆ. ಕೊನೆಗೆ ಕೂರಿಸಿದವಳು ನೇರಗೆರೆಯ ಅಕ್ಕ. ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಒಂದು ಸಣ್ಣ 'ಬೀಪ್' ಬಂತು, ಪರದೆಯ ಮೇಲೆ ಬಿಳಿ ಅಕ್ಷರಗಳು ಏರಿದವು. ರ‍್ಯಾಮಿನ ಎರಡೂ ಪಟ್ಟಿಗಳನ್ನು ಅದು ಎಣಿಸಿ ತೋರಿಸಿತು. "ಮಾತಾಡ್ತದೆ!" ಎಂದರು ಅಮ್ಮ, ಬಾಗಿಲ ಬಳಿಯಿಂದ. ನಾವಿಬ್ಬರೂ ಮೇಜಿನ ಸುತ್ತ ಕುಣಿದದ್ದು ಮಾತ್ರ ನಿಜ, ಅದಕ್ಕೆ ಅಕ್ಕನೂ ಸಾಕ್ಷಿ.

ಇಷ್ಟೆಲ್ಲ ಯೋಚಿಸಿ ಆರಿಸಿದ ನಾವು ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಇರುವಂಥದ್ದು. ಗುಡುಗಿನ ಮೊದಲ ಸದ್ದಿಗೆ ಮನೆಯವರು ಎದ್ದು ಟಿವಿಯ ಪ್ಲಗ್, ಕೇಬಲ್ಲು, ಟೆಲಿಫೋನಿನ ತಂತಿ ಎಲ್ಲವನ್ನೂ ಕಿತ್ತಿಡುತ್ತಾರೆ. ಇದಕ್ಕೆ ಯೋಚನೆ ಬೇಡ, ಮಳೆ ಬಂದರೆ ಬಟ್ಟೆ ತೆಗೆದ ಹಾಗೆ. ತುಳುವಿನ ನಿರ್ನಾಲ ತಿಂಗಳು ಕಳೆದು ಬೊಂತೆಲ್, ಅಂದರೆ ಅಕ್ಟೋಬರಿನ ನಡು, ಬಂತೆಂದರೆ ಮಧ್ಯಾಹ್ನ ತಿರುಗುವಾಗ ಮೂಡು ದಿಕ್ಕಿನಲ್ಲಿ ಘಟ್ಟದ ಮೇಲೆ ಮೋಡ ಕಪ್ಪಾಗುತ್ತದೆ, ಸಂಜೆಗೆ ಸಿಡಿಲು ಸಮುದ್ರದವರೆಗೂ ಬರುತ್ತದೆ. ನಮ್ಮ ಸದಾನಂದರ ಮನೆ ರೆಂಡರಿಗೆ ಬಿದ್ದದ್ದು ಸರಿಯಾಗಿ ಆಗಲೇ.

ಇಡೀ ಚಿತ್ರಕ್ಕೆ ಒಂದು ಹಗಲು ಪೂರ್ತಿ ಬೇಕಿತ್ತು. ಬೆಳಿಗ್ಗೆ ಹಾಕಿ ನಾವಿಬ್ಬರೂ ಕೆಲಸಕ್ಕೆ ಹೋದೆವು. ಸಂಜೆ ಬಂದರೆ ಪರದೆ ಕಪ್ಪು.

"ಗುಡುಗಿತು, ತೆಗೆದೆ," ಎಂದರು ಅಮ್ಮ.

"ಯುಪಿಎಸ್ ಇತ್ತಲ್ಲಮ್ಮ!" ಎಂದೆ. ಕರೆಂಟು ಹೋದರೂ ಸ್ವಲ್ಪ ಹೊತ್ತು ಯಂತ್ರವನ್ನು ಉಳಿಸಿಕೊಳ್ಳುವ ಬ್ಯಾಟರಿ ಪೆಟ್ಟಿಗೆ ಅದು.

"ಅದಾ? ಪ್ಲಗ್ ತೆಗೆದ ಕೂಡಲೇ ಅದು ಬೊಬ್ಬೆ ಹಾಕ್ಲಿಕ್ಕೆ ಶುರು ಮಾಡಿತು. ಹೆದರಿತು ಅಂತ ಕಾಣ್ತದೆ. ಅದನ್ನೂ ಆಫ್ ಮಾಡಿದೆ, ಪಾಪ."

ಮರುದಿನವೂ ಹಾಗೇ ಆಯಿತು. ತೆಗೆಯಬಾರದು ಎಂದು ಚೀಟಿ ಅಂಟಿಸಿ ಹೋಗಿದ್ದೆ. ಅಮ್ಮ ಚೀಟಿಯನ್ನು ಜೋಪಾನವಾಗಿ ಬಿಡಿಸಿ, ಪ್ಲಗ್ ತೆಗೆದು, ಪ್ಲಗ್ಗಿನ ಮೇಲೆಯೇ ಅಂಟಿಸಿದ್ದರು. ನಾನು ಸಿಟ್ಟಿನಲ್ಲಿ ಸಿಡಿಲು ಬೀಳುವ ಸಂಭವನೀಯತೆಯ ಬಗ್ಗೆ ಒಂದು ಪಾಠ ಮಾಡಿದೆ. ಅಮ್ಮ ಕೇಳಿಸಿಕೊಂಡು, "ಸದಾನಂದರ ಮನೆ ಮತ್ತೆ ಕಟ್ಟಬಹುದು. ಇದು ಸುಟ್ಟರೆ ಶಶಿಗೆ ಎಂತ ಉಂಟು?" ಎಂದರು. ಅದೇ ವಾರ ಎರ್ಮಾಳಿನ ದೊಡ್ಡಮ್ಮನ ಮನೆಯಲ್ಲಿ ಸಿಡಿಲಿಗೆ ಟಿವಿ, ಫೋನು ಎರಡೂ ಕರಕಲಾದವು. ಒಂದು ಘಟನೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು ಹೇಳಬೇಕೆನಿಸಿತು. ಬದಲಿಗೆ ಪ್ಲಗ್ಗಿನ ಮೇಲಿದ್ದ ನನ್ನ ಚೀಟಿಯನ್ನು ಕಿತ್ತುಹಾಕಿದೆ.

ದೀಪಾವಳಿ ಹತ್ತಿರ ಬರುತ್ತಿತ್ತು. ಎಂಜಿನಿಯರರು ಮಂಗಳೂರಿಗೆ ಫೋನು ಮಾಡಿದ್ದನ್ನು ಅಕ್ಕ ಆಫೀಸಿನಲ್ಲಿ ಕೇಳಿಸಿಕೊಂಡಿದ್ದಳು. ಒಂದು ಬೆಳಿಗ್ಗೆ ರಜೆ ಹಾಕಿ ಮನೆಯಲ್ಲೇ ಕೂತಳು. ನಾನೂ ಕೂತೆ.

"ದೊಡ್ಡ ಹಾಳೆ ಟ್ರೇಸ್ ಮಾಡುವಾಗ ನಾನು ತುಂಡು ತುಂಡು ಮಾಡಿ ಅಂಟಿಸುವುದು," ಎಂದಳು. "ಇದನ್ನೂ ಹಾಗೆ ಮಾಡಿದ್ರೆ ಎಂತ? ಮೊದಲು ಮನೆಯ ಮಾಡು, ಆಮೇಲೆ ಅದರ ಕೆಳಗಿನದ್ದು. ಒಂದೊಂದು ಪಟ್ಟಿ ಆದ ಹಾಗೆ ಸೇವ್ ಮಾಡುವ. ಗುಡುಗಿದ್ರೆ ಹೋಗುವುದು ಒಂದೇ ಪಟ್ಟಿ."

ಈ ಉಪಾಯ ನನ್ನದೆಂದು ನಾನು ಬಹಳ ಕಾಲ ನಂಬಿದ್ದೆ. ಈಗ ಬರೆಯುತ್ತಿರುವಾಗ ಅವಳ ದನಿಯಲ್ಲೇ ಕೇಳಿಸುತ್ತಿದೆ, ಆದ್ದರಿಂದ ಅವಳದ್ದೇ ಇರಬೇಕು.

ಹಾಗೆ ಆ ಮನೆ ಮೇಲಿನಿಂದ ಕೆಳಕ್ಕೆ ಇಳಿಯತೊಡಗಿತು. ಆಕಾಶ ಬಂತು, ಮಾಡು ಬಂತು, ಮೇಲಿನ ಕಿಟಕಿಗಳು ಬಂದವು. ಅಮ್ಮ ಅಂಗಳದಲ್ಲಿ ಮೂಡು ದಿಕ್ಕಿಗೆ ಮುಖ ಮಾಡಿ ನಿಂತು ಸುದ್ದಿ ಕೊಡುತ್ತಿದ್ದರು.

"ಈಗ ಹಾಕು ಶಶಿ, ಬಿಳಿ ಉಂಟು!"

"ಎಷ್ಟು ಹೊತ್ತು ಸಿಗ್ತದಮ್ಮ?"

"ಅನ್ನ ಬೇಯುವಷ್ಟು ಸಿಗ್ತದೆ. ಮತ್ತೆ ನನ್ನನ್ನು ಕೇಳಬೇಡ."

ಮೇಲಿನ ಮಹಡಿಯ ಕಾರಿಡಾರಿನ ಕಂಬಗಳು ಇಳಿದು ಮುಗಿಯುತ್ತಿದ್ದಾಗ ಅಮ್ಮ ಓಡಿ ಬಂದರು. ಅಕ್ಕ ಸೇವ್ ಒತ್ತಿದ ಕ್ಷಣಕ್ಕೇ ಪ್ಲಗ್ ಹೊರಗೆ ಬಂತು. ಆ ಸಂಜೆಯ ಸಿಡಿಲು ನಮ್ಮ ತೆಂಗಿನ ತಲೆಯನ್ನೇ ಸುಟ್ಟಿತು. ನಾವು ಮೂವರೂ ಕಂಪ್ಯೂಟರಿನ ಸುತ್ತ ಕೂತು, ಅದರ ಎಲ್ಲ ತಂತಿಗಳನ್ನೂ ಬಿಚ್ಚಿ, ಮಗುವನ್ನು ಕಾಯುವ ಹಾಗೆ ಕಾದೆವು.

ಮರುದಿನ ಉಳಿದ ಪಟ್ಟಿಗಳೂ ಇಳಿದವು. ಅಕ್ಕ ಎಲ್ಲವನ್ನೂ ಜೋಡಿಸಿದಳು, ಮಣಿಪಾಲದಲ್ಲಿ ಪ್ರಿಂಟು ತೆಗೆಸಿದೆವು. ಚಿತ್ರ ದೊಡ್ಡ ಹಾಳೆಯಲ್ಲಿ ಯಂತ್ರದಿಂದ ಹೊರಬರುವಾಗ ನಾನು ಅಕ್ಕನ ಮುಖ ನೋಡುತ್ತಿದ್ದೆ. ಅವಳ ಮನೆ. ಬಿಸಿಲು ಅವಳು ಇಟ್ಟಲ್ಲೇ ಬಿದ್ದಿತ್ತು. ಆಮೇಲೆ ಅವಳ ಮುಖ ಬದಲಾಯಿತು.

ಗೋಡೆಯ ಮೇಲೆ, ಮೇಲಿನ ಮತ್ತು ಕೆಳಗಿನ ಮಹಡಿಗಳ ನಡುವೆ, ಈ ತುದಿಯಿಂದ ಆ ತುದಿಗೆ ಒಂದು ತೆಳುವಾದ ಕಪ್ಪು ಗೆರೆ. ಅಮ್ಮ ಪ್ಲಗ್ ಕಿತ್ತ ಜಾಗ. ಅಲ್ಲಿ ಎರಡು ಪಟ್ಟಿಗಳು ಸರಿಯಾಗಿ ಕೂಡಿರಲಿಲ್ಲ. ಪರದೆಯಲ್ಲಿ ಕಾಣದ್ದು ಕಾಗದದಲ್ಲಿ ಎದ್ದು ಕಂಡಿತು. ಸರಿಪಡಿಸಲು ಹೊತ್ತಿರಲಿಲ್ಲ, ಸದಾನಂದರು ಆಗಲೇ ಆಫೀಸಿಗೆ ಬಂದು ಕೂತಿದ್ದರು.

ನಾನೂ ಹೋಗಿದ್ದೆ, ಹಾಳೆಯ ಸುರುಳಿ ಹಿಡಿದುಕೊಂಡು. ಸದಾನಂದರು ಅದನ್ನು ಮೇಜಿನ ಮೇಲೆ ಬಿಡಿಸಿ ಬಹಳ ಹೊತ್ತು ನೋಡಿದರು. ಕೊನೆಗೆ ಅವರ ಬೆರಳು ಸೀದಾ ಆ ಗೆರೆಯ ಮೇಲೆ ಬಂದು ನಿಂತಿತು.

"ಇದು ಎಂತದು?"

ಎಂಜಿನಿಯರರು ಕನ್ನಡಕ ತೆಗೆದರು. ನಾನು ಬಾಯಿ ತೆರೆದೆ, ಸತ್ಯ ಹೇಳುವವನಿದ್ದೆ. ಅಕ್ಕ ನನಗಿಂತ ಮೊದಲು ಹೇಳಿದಳು.

"ಅದು ಗ್ರೂವ್. ನೆರಳಿನ ಗೆರೆ. ಮೇಲಿನ ಮಳೆನೀರು ಕೆಳಗಿನ ಗೋಡೆಗೆ ಇಳಿಯದ ಹಾಗೆ."

"ಭಾರಿ ಲಾಯ್ಕ ಉಂಟು ಮಾರಾಯ್ತಿ," ಎಂದರು ಸದಾನಂದರು. "ಮಸ್ಕತ್ತಿನಲ್ಲಿ ಕೂಡ ನೋಡ್ಲಿಲ್ಲ. ಇದು ಬೇಕೇ ಬೇಕು."

ಅಂದಿನಿಂದ ಆ ಆಫೀಸಿನ ವ್ಯೂಗಳೆಲ್ಲ ಅಕ್ಕನದ್ದಾದವು, ಕೆಲವು ವರ್ಷಗಳಲ್ಲಿ ಆಫೀಸೇ ಅವಳದ್ದಾಯಿತು. ಮರುವರ್ಷ ಬಜಗೋಳಿಗೆ ಕೆಲಸ ನೋಡಲು ಹೋದಾಗ ಬಾಗಲಕೋಟೆ ಕಡೆಯ ಮೇಸ್ತ್ರಿ ಹನುಮಂತಪ್ಪ ಹಸಿ ಗಾರೆಯ ಮೇಲೆ ಮರದ ರೀಪು ಒತ್ತಿ, ನೂಲು ಹಿಡಿದು, ಗೆರೆ ಕೊರೆಯುತ್ತಿದ್ದ. ಅಕ್ಕನಿಗೆ ತಡೆಯಲಾಗಲಿಲ್ಲ. "ಇದು ಕಷ್ಟ ಆದ್ರೆ ಬಿಡಿ, ಪರವಾಗಿಲ್ಲ," ಎಂದಳು.

"ಚಿತ್ರದಾಗ ಐತಲ್ರೀ ಅಕ್ಕಾರ," ಎಂದ ಆತ. "ಮನೀಗೆ ಉಡದಾರ ಕಟ್ಟಿದಂಗ ಕಾಣ್ತೈತ್ರಿ. ಬಿಟ್ರ ಮನಿ ಬರಿಮೈಲೆ ನಿಂತಂಗ ಆಗ್ತೈತಿ."

ಪೆಟ್ಟಿಗೆ ತೆರೆದು ನೋಡಿದ ಮಾರನೆಯ ಭಾನುವಾರ ನಾವು ಮೂವರೂ ಕಾರಿನಲ್ಲಿ ಕಾರ್ಕಳ ದಾಟಿ ಕುದುರೆಮುಖ ರಸ್ತೆಯಲ್ಲಿ ಹೋದೆವು. ಸದಾನಂದರ ಮನೆಗೆ ಬಣ್ಣ ಬದಲಾಗಿದೆ, ಗೆರೆ ಹಾಗೆಯೇ ಇದೆ. ಮಳೆಗಾಲದ ಪಾಚಿ ಅದರೊಳಗೆ ಕೂತು ಹಸಿರಾಗಿತ್ತು. ಅದಕ್ಕಿಂತ ಆಚೆಗೆ ಇನ್ನೊಂದು ಮನೆಗೂ ಅಂಥದ್ದೇ ಗೆರೆ. ತಿರುವಿನಲ್ಲಿ ಮತ್ತೊಂದು. ಈ ಎರಡೂ ಅಕ್ಕ ಮಾಡಿದ ಮನೆಗಳಲ್ಲ.

"ಇದು ನಮ್ಮಿಂದಲೇ ಬಂದದ್ದು ಅಂತ ಹೇಳ್ಲಿಕ್ಕೆ ಆಗುವುದಿಲ್ಲ," ಎಂದೆ. "ಇಂಥ ಗೆರೆ ಮೊದಲೂ ಇದ್ದಿರಬಹುದು. ಮೇಸ್ತ್ರಿಗಳು ಬೇರೆ ಕಡೆ ನೋಡಿರಬಹುದು."

"ನೀನು ಸುಮ್ಮನೆ ಕಾರು ಬಿಡು ವಿಜ್ಞಾನಿ," ಎಂದಳು ಅಕ್ಕ.

ಹಿಂದಿನ ಸೀಟಿನಲ್ಲಿ ಅಮ್ಮ ಕಿಟಕಿಯ ಗಾಜು ಇಳಿಸಿದರು. ಮದುವೆಗೋ ಏನೋ ಹೋಗಲು ಬಸ್ಸಿಗೆ ಕಾಯುತ್ತ ಇಬ್ಬರು ಹೆಂಗಸರು ರಸ್ತೆಯ ಬದಿ ನಿಂತಿದ್ದರು, ಅವರ ಹಿಂದೆ ಒಂದು ಹೊಸ ಹಳದಿ ಮನೆ. ಅಮ್ಮ ಅವರಿಗೂ ಕೇಳುವಷ್ಟು ದೊಡ್ಡದಾಗಿ ಹೇಳಿದರು:

"ನಿಧಾನ ಹೋಗು ಮಾರಾಯ. ಅದು ನೋಡು, ಅಲ್ಲಿಯೂ ನಾನು ಪ್ಲಗ್ ತೆಗೆದದ್ದು ಉಂಟು."